ನಲವತ್ತನಾಲ್ಕನೇ ನಂಬರಿನ ಬೂಟು

ಕೂರು ತೊಕ್ತೊಸುನ್, ಆ ಡಬ್ಬದ ಮೇಲೆ ಕೂರು.
ಬೂಟು ಬಿಚ್ಚು. ನಾಚಬೇಡ,
ನಾರಿನ್ ಸಂತೆಯಲ್ಲಿ ಇಪ್ಪತ್ತು ಚಳಿಗಾಲ
ಊರವರ ಕಾಲಿನ ವಾಸನೆ ಕುಡಿದ ಮೂಗು ಇದು.

ಹಾಂ, ಅಂದುಕೊಂಡೆ.
ಬೂಟಿನ ಮೂತಿಗೆ ಪೇಪರು ತುರುಕಿದ್ದೀಯ;
ಹೋದ ವಾರದ ಸುದ್ದಿ ಒದ್ದೆಯಾಗಿ
ಹೆಬ್ಬೆರಳ ಮೇಲೆ ತಿರುಗುಮುರುಗು ಅಚ್ಚಾಗಿದೆ.
ರಸ್ತೆ ಇಲಾಖೆ ಕೊಟ್ಟದ್ದು ತಾನೆ?
ಅವರ ಲೆಕ್ಕದಲ್ಲಿ ಎಲ್ಲರ ಕಾಲೂ ನಲವತ್ತನಾಲ್ಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ದೊಡ್ಡವರು.
ನಾನು ಕಸುಬಿನವಳು, ಒಪ್ಪುವುದಿಲ್ಲ:
ಕಾಲು ಇದ್ದಷ್ಟು ಹಾಸಿಗೆ ಕತ್ತರಿಸುತ್ತೇನೆ.

ಎದ್ದು ನಿಲ್ಲು, ಈ ರಟ್ಟಿನ ಮೇಲೆ.
ಕೂತ ಕಾಲು ಸುಳ್ಳು ಹೇಳುತ್ತದೆ,
ಮೈಭಾರ ಬಿದ್ದಾಗಲೇ ಅದರ ನಿಜವಾದ ಅಗಲ.
ಸಂಜೆ ಬಂದದ್ದು ಒಳ್ಳೆಯದಾಯಿತು;
ದಿನವಿಡೀ ಹಿಮ ಗೋರಿ ಊದಿಕೊಂಡ ಪಾದಕ್ಕೆ
ಹೊಂದಿದ್ದು ಬೆಳಿಗ್ಗೆಗೂ ಹೊಂದೀತು.
ಪೆನ್ಸಿಲು ಕಚಗುಳಿ ಇಟ್ಟರೆ ನಗು, ಕಾಲು ಮಾತ್ರ ಅಲುಗದಿರಲಿ.
ಅಯ್ಯೋ, ಎಡಗಾಲು ಬಲಗಾಲಿಗಿಂತ ಉದ್ದ!
ಯಾರೂ ಹೇಳಲೇ ಇಲ್ಲವೇ ನಿನಗೆ, ಇಷ್ಟು ವರ್ಷ?

ಕಾಲುಚೀಲ ಎರಡು ಜೊತೆ? ಒಂದರ ಮೇಲೊಂದು?
ಒಳಗಿನದು ಹತ್ತಿ. ಥೂ.
ಹತ್ತಿ ಬೆವರು ಕುಡಿದು ಅಲ್ಲೇ ಕೂತುಬಿಡುತ್ತದೆ,
ಉಂಡು ಏಳದ ನೆಂಟನ ಹಾಗೆ.
ಇದು ಹಿಡಿ: ಯಾಕ್ ಕರುವಿನ ಒಳತುಪ್ಪಳದ ನೂಲು.
ತುದಿಯ ಹೊಲಿಗೆ ತಡವಿ ನೋಡು, ಸಿಕ್ಕಿತೇ?
ಸಿಗಬಾರದು. ಸಾಸಿವೆಯಷ್ಟು ಗಂಟು
ಡೊಲೊನ್ ಘಟ್ಟದ ಏರಿನಲ್ಲಿ ಬಂಡೆಯಾಗುತ್ತದೆ.
ಒಂದೇ ಜೊತೆ ಸಾಕು. ಬಿಗಿದ ಬೂಟಿನಲ್ಲಿ ಉಣ್ಣೆಗೂ ಉಸಿರಿಲ್ಲ.
ಒಳಗೆ ಬೆರಳು ಆಡಬೇಕು,
ಬಸಿರಿನಲ್ಲಿ ಕೂಸು ಆಡಿದ ಹಾಗೆ.

ಇನ್ನು ಹಾಸು.
ಬಿಸಿನೀರು ಹೊಯ್ದು, ಜೊಂಡಿನ ಚಾಪೆಯಲ್ಲಿ ಉಣ್ಣೆ ಸುತ್ತಿ
ನಾನೂ ಸೊಸೆಯಂದಿರೂ ಅಂಗಳದುದ್ದ ಒದ್ದು ಒದ್ದು ಮಾಡಿದ್ದು.
ಕಾಲಿಗೆ ಬೇಕಾದ್ದನ್ನು ಕಾಲೇ ಮಾಡಬೇಕು.
ಇಲಾಖೆಯ ಉದಾರಕ್ಕೆ ಎರಡು ಪದರ: ಕೆಳಗೆ ದಪ್ಪ, ಮೇಲೆ ತೆಳು.
ನಡುಪಾದಕ್ಕೆ ಒಂದು ತುಂಡು ಹೆಚ್ಚು.
ನೆಲದ ಮೇಲಿನ ನಿನ್ನ ಒದ್ದೆ ಹೆಜ್ಜೆ ನೋಡು,
ಬಾತುಕೋಳಿಯದೇ.

ಆ ಮೊಳೆಯ ಕಡೆ ನೋಡಬೇಡ.
ಸರಿ, ನೋಡು.
ಊರಿನ ಪಾದಗಳೆಲ್ಲ ರಟ್ಟಾಗಿ ಅಲ್ಲಿ ತೂಗುತ್ತವೆ.
ಮುಂದಿನವೆರಡು ಲಾರಿ ಜುಮಾಶನವು. ಒಂದೇ ಕಾಲು,
ಒಂದು ಅವನ ಮದುವೆಯ ವರ್ಷದ್ದು,
ಇನ್ನೊಂದು, ಘಟ್ಟದಲ್ಲಿ ಲಾರಿ ಹೂತು
ಮೂರು ರಾತ್ರಿ ಒದ್ದೆ ಹಾಸಿನ ಮೇಲೆ, ಬೂಟು ಬಿಚ್ಚದೆ
ಮಲಗಿ ಬಂದ ಮೇಲಿನದು.
ಬೆರಳು ಎಣಿಸು.
ಎಣಿಸಿದೆಯಾ?

ಎಲ್ಲ ಸೇರಿ ಒಂಬೈನೂರು ಸೊಮ್.
ಚೌಕಾಸಿ ಮಾಡು, ಮಾಡದಿದ್ದರೆ ನನಗೇ ಬೇಜಾರು.
ನೂರು ಬಿಟ್ಟೇನು, ಮಾತು ಕೊಟ್ಟರೆ:
ದಿನಾ ರಾತ್ರಿ ಹಾಸು ಹೊರಗೆಳೆದು ಒಣಗಿಸಬೇಕು,
ಒಲೆಯ ಹತ್ತಿರ, ಒಲೆಯ ಮೇಲಲ್ಲ.
ಎಷ್ಟೇ ದಣಿದಿದ್ದರೂ. ಕುಡಿದು ಬಂದರೂ.

ನಿನ್ನಮ್ಮನನ್ನು ನಾನು ಬಲ್ಲೆ.
ಎರಡು ತೊಟ್ಟಿಲು ಬರಿದಾದ ಮೇಲೆ
ಇದಾದರೂ ನಿಲ್ಲಲಿ ಎಂದು ನಿನಗಿಟ್ಟಳು ಈ ಹೆಸರು.
ಹೆಸರು ತನ್ನ ಪಾಲಿನದು ಮಾಡಿದೆ,
ಮಿಕ್ಕದ್ದು ಪಾದದ ಕೆಲಸ.

ಹೋಗು, ಆ ಆಲೂಗಡ್ಡೆ ಲಾರಿಯ ತನಕ ನಡೆದು ಬಾ.
ಮೆಲ್ಲಗೆ. ಓಡಿ ತೋರಿಸಬೇಡ.

ಹೂಂ. ಹೇಳುವುದೇನೂ ಬೇಡ, ಹಿಮ್ಮಡಿಯ ಸದ್ದು ಕೇಳಿಸಿತು.
ಆ ಪೇಪರಿನ ಮುದ್ದೆ ಇಲ್ಲಿ ಕೊಡು,
ಒಣಗಲಿ, ನಾಳೆ ಒಲೆ ಹೊತ್ತಿಸಲಿಕ್ಕಾಗುತ್ತದೆ.