ಬಾರು

ಖಾದ್ರಿ ಸಾಹೇಬರ ಅಂಗಡಿ ಸುಪರ್ ಮಾರ್ಕೆಟಿನ ಹಿಂದ,
ಮೂರು ಮೆಟ್ಟಲ ಇಳೀಬೇಕು, ತಲಿ ಬಗ್ಗಿಸಬೇಕು.
ಗಾಜಿನ ಕೆಳಗ ದುರ್ಬೀನು, ಲೇಸರ್ ಬತ್ತಿ, ಮಡಚೋ ಕಾಲು,
ಒಣಗಿದ ಹಲ್ಲಿಯೊಂದು.
"ಇದರಾಗ ಹಾಸಿ ನೋಡು ಗುಂಡೇರಾಯ" ಅಂದ್ರು.
ನೋಡಿದೆ. ಎದುರಿನ ಗ್ವಾಡಿ ಕ್ಯಾಲೆಂಡರಿನ ಮಂಗಳವಾರ
ಮನಿಯಷ್ಟು ದೊಡ್ಡದಾಗಿ ಮುಂದ ಬಂದು ನಿಂತಿತು.

ಆದರ ಸಾಹೇಬ,
ನಾ ನಿಲ್ಲೋದು ಗಂಜಿನ ಬ್ಯಾಂಕಿನ ಬಾಗಲದಾಗ.
ನನ್ನ ಕಣ್ಣಿಗಿ ಭಾಳ ದೂರದ ಮನಷ್ಯಾ ಅಂದ್ರ
ಪಾಸ್‌ಬುಕ್ ಸಾಲಿನ ತುದಿಗಿ ಆಕಳಿಸಕೋತ ನಿಂತಾಂವ.
ಅಂವನ ಹಲ್ಲು ಎಣಸಲಕ್ಕ ದುರ್ಬೀನು ಯಾಕ?

ಬುಡಕ್ಕ ರಬ್ಬರ್ ಕೊಡ್ರಿ, ದಪ್ಪಂದು.
ಅಲ್ಲಿ ನೆಲ ಶಹಾಬಾದ ಪರಸಿ,
ಮಂದಿ ಚಪ್ಪಲಿ ತಿಕ್ಕಿ ತಿಕ್ಕಿ ಕನ್ನಡಿ ಆಗ್ಯಾದ.
ಹ್ವಾದ ವರ್ಷ ರೈಫಲ್ ಜಾರಿ ಬಿತ್ತು.
ಆ ಸಪ್ಪಳಕ್ಕ ಕ್ಯಾಷಿಯರ್ ಬಾಯಿ ಮೇಜಿನ ಕೆಳಗ ಕುಂತು
ಎಣಿಸಿದ್ದ ನೋಟು ಮರತು ಮತ್ತ ಒಂದರಿಂದ ಸುರು ಮಾಡಿದಳು.

ಮ್ಯಾಲಿನ ಗವಸಿಗಿ ಚೈನು ಇರಲಿ, ಗುಂಡಿ ಬ್ಯಾಡ.
ಜೈಸಲ್ಮೇರಿನಾಗ ಉಸುಕು ಉಂಡೀನಿ ನಾನು,
ಉಸುಕು ಒಳ್ಳೇದು, ಊದಿದ್ರ ಹೋಗ್ತದ.
ಇಲ್ಲಿ ತೊಗರಿ ಬಂತಂದ್ರ ಗಾಳೀನೇ ಹಳದಿ.
ಮಿಲ್ಲಿನ ಹುಡಿ ಚಹಾದಾಗ, ರೆಪ್ಪಿ ಮ್ಯಾಲ, ಬೋಲ್ಟಿನ ಸಂದ್ಯಾಗ,
ಎಣ್ಣಿ ಕೂಡಿ ಮುದ್ದಿ ಆಗಿ ಕುಂದರ್ತದ.
ಅದಕ್ಕ ಎಣ್ಣಿ ಸಣ್ಣ ಬಾಟ್ಲಿ ಸಾಕು,
ಫ್ಲಾನೆಲ್ ಅರಿವಿ ಎರಡು ಗಜ.

ಬಾರು ಮಾತ್ರ ಇಲ್ಲಿ ತಗೊಳ್ಳಲಿಲ್ಲ.
ನೈಲಾನ್ ಪಟ್ಟಿ ಮೇ ತಿಂಗಳ ಬೆವರಿಗಿ ಹೆಗಲ ಕೊಯ್ತದ.
ಜಗತ್ ಸರ್ಕಲ್ಲಿನ ತುಕಾರಾಮ ಚರ್ಮ ಹಿಂಜಿ ನೋಡಿದ,
ನನ್ನ ಸುತ್ತ ಒಂದು ಸುತ್ತು ಹಾಕಿದ,
"ಬಲಗಡಿ ಹೆಗಲ ಎರಡು ಬೆಟ್ಟು ಇಳದದ ಕಾಕಾ,
ಬಾರೂ ಎರಡು ಬೆಟ್ಟು ಗಿಡ್ಡ ಹೊಲೀತೀನಿ."
ಇಷ್ಟು ವರ್ಷದಾಗ ಯಾ ಡಾಕ್ಟರೂ ಹೇಳಿದ್ದಿಲ್ಲ.

ಬಂದೂಕಿಗಿ ಬಾರು ಎರಡು ಥರ,
ಒಂದು ಒಳಗ, ಒಂದು ಹೊರಗ.
ಒಳಗಿಂದು ಬಾಗಲದಾಗ ಹನ್ನೊಂದು ವರ್ಷ ಹಾಕೇ ಇಲ್ಲ.
ಅವೇ ಐದು ತೋಟಾ, ತಿಂಗಳಿಗೊಮ್ಮಿ ಒರಸ್ತೀನಿ,
ಮ್ಯಾನೇಜರ್ ಎಣಸ್ತಾನ.
ಹೊರಗಿಂದೇ ದಿನಾ ಒಂಬತ್ತು ತಾಸು ದುಡೀತದ.

ಎಲೆಕ್ಷನ್ ಬಂತು.
ಠಾಣ್ಯಾಗ ಮುನ್ಸಿ ರಸೀದಿ ಹರದು ಕೊಟ್ಟ,
"ಬಂದೂಕಷ್ಟೇ ಜಮಾ, ಪಟ್ಟಿ ಗಿಟ್ಟಿ ಬಿಚಗೊಂಡು ಹೋಗು.
ಹೆಸರೇ ಗುಂಡೇರಾಯ,
ಖಾಲಿ ಕೈಲೆ ನಿಂತರೂ ಕಳ್ಳರು ಅಂಜ್ತಾರ ತಗೋ."
ನಕ್ಕೆ. ನಗಲೇಬೇಕು, ರಸೀದಿ ಅವನ ಕೈಯಾಗಿತ್ತು.
ಅದನ್ನ ಲೈಸೆನ್ಸ್ ಇಡೋ ಪ್ಲಾಸ್ಟಿಕ್ಕಿನಾಗ ತುರುಕಿದೆ.
ಹತ್ತು ರೂಪಾಯಿ ಪ್ಲಾಸ್ಟಿಕ್ಕು.
ರೈಫಲ್ಲಿಗಿ ಅದಕ್ಕಿಂತ ಕೆಲಸದ ಸಾಮಾನು ಯಾವುದೂ ಇಲ್ಲ,
ಖಾದ್ರಿ ಸಾಹೇಬರ ಗಾಜಿನಾಗ ಅದು ಇರಲಿಲ್ಲ.

ನಲವತ್ತು ದಿನ ಲಾಠಿ ಹಿಡಕೊಂಡು ನಿಂತೆ,
ಕೈ ಆಗಾಗ ಹೆಗಲಿಗಿ ಹೋಗ್ತಿತ್ತು, ತುರಿಸಿದಂಗ ಮಾಡಿ ಇಳಸ್ತಿದ್ದೆ.
ಮನ್ಯಾಗ ಜಗದೇವಿ ಮೊಳಿ ಮ್ಯಾಲಿನ ಬಾರು ಇಳಿಸಿ
ಗಾಡಿ ಹಿಂದ ಗ್ಯಾಸಿನ ಸಿಲಿಂಡರ್ ಕಟ್ಟಿ
ತಂಗಿ ಮನಿಗಿ ಹೋಗಿ ಬಂದಳು. ಎರಡು ಸಲ, ಮೂರು ಸಲ.

ಠಾಣ್ಯಾದಿಂದ ರೈಫಲ್ ಬಂದ ದಿನ
ಬಾರು ಹಾಕಿ ಹೆಗಲಿಗೇರಿಸಿದೆ.
ಬುಡ ಬಂದು ತೊಡಿಗಿ ಬಡೀಲಕತ್ತಿತು.
ತುಕಾರಾಮ ಮತ್ತೊಂದು ತೂತು ಹೊಡದ, ರೊಕ್ಕ ತಗೊಳ್ಳಲಿಲ್ಲ,
"ಸಿಲಿಂಡರ್ ಭಾರ ಕಾಕಾ, ಬಂದೂಕಿಂದ ಏನದ" ಅಂದ.

ರಾತ್ರಿ ಊಟಕ್ಕ ಕುಂತಾಗ
ಜಗದೇವಿ ರೊಟ್ಟಿ ಹಾಕಿ, ಮೊಳಿ ಕಡಿ ನೋಡಿ ಕೇಳಿದಳು:
"ಮತ್ತ ಎಲೆಕ್ಷನ್ ಯಾವಾಗ ಬರ್ತದ?"