ಮೂರನೇ ಪ್ರತಿ

ಕೊಪ್ಪಳದ ತಹಶೀಲ್ದಾರ್ ಕಚೇರಿ ಎದುರು
ಬೇವಿನ ಗಿಡದ ಬುಡಕ್ಕೆ ನನ್ನ ಟೈಪ್ ಮಷಿನ್ನು.
ಅದರ ಅರ್ಕಾವತ್ತಿನ ಕೀಲಿ ಮುರಿದು ಆರು ವರ್ಷ.
ಅರ್ಜಿ ಅಂತ ಹೊಡೆದರೆ ಅಜಿ ಅಂತ ಬೀಳುತ್ತದೆ,
ಕಾರ್ಖಾನೆ ಕಾಖಾನೆಯಾಗುತ್ತದೆ.
ಆ ಕೊಂಡಿಯನ್ನು ಆಮೇಲೆ ಪೆನ್ನಿನಲ್ಲಿ ಎಳೆಯುತ್ತೇನೆ.
ಪುಟಕ್ಕೆ ನಲವತ್ತು ರೂಪಾಯಿ. ತಿದ್ದಿದ್ದಕ್ಕೆ ಕಾಸಿಲ್ಲ.

ಹುಲಿಗೆವ್ವ ಬಂದದ್ದು ಮಂಗಳವಾರ.
ಗಿಣಿಗೇರಿ ಆಚೆಗಿನ ಊರು. ಕೈಯಲ್ಲಿ ಗಂಟು ಹಾಕಿದ ಬಿಳಿ ಟವೆಲ್ಲು.
"ಮೂರು ಪ್ರತಿ ತೆಗೀರಿ ಮಾಸ್ತರ" ಅಂದಳು.
ಕಾರ್ಬನ್ ಹಾಳೆ ಸಿಗಿಸುತ್ತಿದ್ದರೆ ಕೇಳಿದಳು:
"ಇದಕ್ಯಾಕ ರೊಕ್ಕ ಹಾಕ್ತೀರಿ? ನಮ್ಮೂರಾಗ
ರಾತ್ರಿ ಒಂದು ಹಾಳಿ ಅಂಗಳದಾಗ ಇಡ್ರಿ,
ಮುಂಜಾನಿಗೆ ಇಂಥಾದ ಆಗಿರತೈತಿ."

ಅವಳು ಹೇಳಿದಳು, ನಾನು ಹೊಡೆದೆ.
ಸದರಿ ಅರ್ಜಿದಾರಳ ಮಗ ಯಮನೂರಪ್ಪ, ವಯಸ್ಸು ಒಂಬತ್ತು.
ಸದರಿಯವನ ಎದೆಯಲ್ಲಿ ಎರಡು ವರ್ಷದಿಂದ ಸೀಟಿ.
ಸೀಟಿ ಬೇಡವ್ವ, ಉಸಿರಾಟದ ತೊಂದರೆ ಅನ್ನೋಣ ಅಂದೆ.
"ಅಲ್ರಿ, ಸೀಟೀನ. ಕುಕ್ಕರ್ ಕೂಗಿದಂಗ. ಸೀಟಿ ಅಂತನ ಬರೀರಿ."
ಕಾರ್ಖಾನೆಗೆ ಹೋದರೆ ಗೇಟಿನವನು ಅಂದನಂತೆ:
ಹೊಗೆ ನಿಮ್ಮ ಒಲೆಯದು.
ನಮ್ಮದೇ ಅಂತ ಇಟ್ಟುಕೋ, ಗಾಳಿ ನಮ್ಮದಲ್ಲವಲ್ಲ.

ಆಮೇಲೆ ಗುಡ್ಡದ ಬೂದಿ ಅಪ್ಪಾಜಿ.
ಕಂಪನಿಯೇ ಹಾಕಿಸಿಕೊಟ್ಟ ತಗಡಿನ ಮಂಟಪ,
ಮುಂದೆ ನಾಲ್ಕು ಕಾರು.
ಹುಡುಗನ ಜೇಬಿನಿಂದ ದವಾಖಾನೆಯ ಪಂಪು ಕಸಿದು
ಅಗ್ನಿಗೆ ಎಸೆದ. ಪ್ಲಾಸ್ಟಿಕ್ಕು ಕಮಟಾಗಿ ಉರಿಯಿತು.
"ಪಂಪು ಮತ್ತ ಭಕ್ತಿ ಒಂದ ಬಾಯಾಗ ಇರಂಗಿಲ್ಲ."
ಮುಷ್ಟಿ ಬೂದಿಯನ್ನು ಮೂಗಿಗೆ ಊದಿದ.
ಎರಡು ಸಾವಿರದ ಒಂದು ರೂಪಾಯಿ. ರಸೀದಿ ಇಲ್ಲ.
ಹುಡುಗ ನೀಲಿಯಾದ.
ಈಗ ಜಿಲ್ಲಾಸ್ಪತ್ರೆಯಲ್ಲಿದ್ದಾನೆ. ಪಕ್ಕದಲ್ಲಿ ಅವನಪ್ಪ
ಸಿಲಿಂಡರಿನ ಮುಳ್ಳು ನೋಡುತ್ತ ಕೂತಿದ್ದಾನೆ,
ಗಡಿಯಾರ ಓದಲು ಬಾರದವನು.

ಠಾಣೆಗೆ ನಾನೂ ಹೋದೆ, ಯಾಕೋ.
ಸಾಹೇಬರ ತಲೆಯ ಮೇಲೊಂದು ಕ್ಯಾಲೆಂಡರು:
ಮೇಲೆ ಅಪ್ಪಾಜಿಯ ಹರಸುವ ಕೈ, ಕೆಳಗೆ ಕಂಪನಿಯ ಹೆಸರು,
ನಡುವೆ ತಿಂಗಳ ಮೂವತ್ತು ದಿನ ಸಿಕ್ಕಿಕೊಂಡಿವೆ.
ಅದನ್ನೇ ನೋಡಿ ಅಂದರು:
"ಇವತ್ತ ಅಮಾಸಿ. ದೂರು ತಗೊಳ್ಳಾಕ ದಿನ ಚಲೋ ಇಲ್ಲ."
ಆಮೇಲೆ, ಬೇಸರ ಕಳೆಯಲು ಇರಬೇಕು: "ಸಾಕ್ಷಿ ಏನೈತಿ?"

ಹುಲಿಗೆವ್ವ ಗಂಟು ಬಿಚ್ಚಿ
ಒಂದು ರಾತ್ರಿ ಮಾಳಿಗೆಯ ಮೇಲೆ ಹಾಸಿಟ್ಟಿದ್ದ ಟವೆಲ್ಲನ್ನು
ಝಾಡಿಸಿಬಿಟ್ಟಳು.
ಸಾಕ್ಷಿ ಮೇಜಿನ ಮೇಲೆ ಬಿತ್ತು, ಫೈಲಿನ ಮೇಲೆ ಬಿತ್ತು,
ಚಹಾದ ಲೋಟಕ್ಕೂ ಒಂದಿಷ್ಟು.
ಸಾಹೇಬರು ಕೆನೆ ಸರಿಸಿದಂತೆ ಬೆರಳಿನಿಂದ ಸರಿಸಿ
ಕುಡಿದರು.

"ಇನ್ನ ಉಸಿರೆತ್ತಬ್ಯಾಡ, ನಡಿ."
ಎತ್ತಲು ಆ ಮನೆಯಲ್ಲಿ ಯಾರಿಗಿದೆ ಉಸಿರು?
ಇದನ್ನು ನಾನು ಅಲ್ಲಿ ಹೇಳಲಿಲ್ಲ.

ಹೇಳದ್ದು ಇನ್ನೊಂದಿದೆ.
ಸಂಜೆ ಪೇದೆ ಬಂದ. ಒಂದು ಹೇಳಿಕೆ ಹೊಡಿ ಮೌಲಾ, ಅರ್ಜೆಂಟು.
ಅವನು ಹೇಳಿದ, ನಾನು ಹೊಡೆದೆ:
ತಾಯಿಯ ನಿರ್ಲಕ್ಷ್ಯದಿಂದ ಸದರಿ ಬಾಲಕನು...
ಬೆರಳು ನಿಲ್ಲಲಿಲ್ಲ. ಬೆರಳಿಗೆ ರೂಢಿ.
ನಿಲಕ್ಷ್ಯ ಅಂತ ಬಿತ್ತು.
ಪೆನ್ನು ತೆಗೆದು ಕೊಂಡಿ ಎಳೆದೂ ಕೊಟ್ಟೆ.
ಮರುದಿನ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ.
ಶಾಯಿ ಬೇಕಾಗಲಿಲ್ಲ, ಬೆರಳು ಮೊದಲೇ ಕಪ್ಪಗಿತ್ತು,
ಅಂತ ಪೇದೆ ನಗುತ್ತ ಹೇಳಿದ.

ಅರ್ಜಿಯ ಮೊದಲ ಪ್ರತಿ ಠಾಣೆಯಲ್ಲೇ ಹರಿಯಿತು.
ಎರಡನೆಯದರಲ್ಲಿ ಕಂಪನಿ ಗೇಟಿನವನು
ಮಿರ್ಚಿ ಇಟ್ಟುಕೊಂಡು ತಿಂದ.
ಮೂರನೆಯದು ನನ್ನ ಡಬ್ಬಿಯಲ್ಲಿದೆ. ಎಲ್ಲ ಮಸುಕು:
ಅವಳ ಹೆಸರು, ಊರು, ನನ್ನ ಇಂತಿ ತಮ್ಮ ವಿಶ್ವಾಸಿ.
ಬಿಸಿಲಿಗೆ ಹಿಡಿದರೆ ಒಂದೇ ಪದ ಓದಲು ಬರುತ್ತದೆ,
ಸೀಟಿ.
ಅವಳು ಹಟ ಹಿಡಿದಳೆಂದು
ಸಿಟ್ಟಿಗೆ ಜೋರಾಗಿ ಕುಟ್ಟಿದ್ದೆ.