ಮೌನೇಶಾಚಾರರ ಮೂಗು

ಸಾಗರ ರಸ್ತೆಯ ವೈನ್ ಶಾಪಿನ ಕಬ್ಬಿಣದ ಜಾಲರಿಗೆ
ಹಣೆಯೊತ್ತಿ ನಿಂತಿದ್ದೇನೆ. ಶನಿವಾರ. ಸಂಬಳ.
ಮೇಲಿನ ಹಲಗೆಯಲ್ಲಿ ಧೂಳು ಹಿಡಿದ ದೊಡ್ಡ ಮನುಷ್ಯರು,
ಕೆಳಗೆ, ಕೈಗೆ ಸಿಗುವಂತೆ, ನಮ್ಮ ಮಟ್ಟದವರು.

ನಾನು ಸಾಮಿಲ್ಲಿನಲ್ಲಿ ನಾಟಾ ಅಳೆಯುವ ಗುಮಾಸ್ತ.
ಇಪ್ಪತ್ತಾರು ವರ್ಷ ಘನ ಅಡಿಯ ಲೆಕ್ಕ ಬರೆದವನಿಗೆ
ಬಾಟ್ಲಿಯನ್ನು ಪೆಗ್ಗಿಗೆ, ಪೆಗ್ಗನ್ನು ರಾತ್ರಿಗೆ
ಭಾಗಿಸುವುದೇನು ದೊಡ್ಡದು:
ದಿನಾ ಒಂದು ಅರವತ್ತು, ಹನ್ನೆರಡು ದಿನಕ್ಕೆ ಒಂದು ಫುಲ್ಲು,
ತಳದಲ್ಲಿ ಉಳಿದ ಅರ್ಧ ಪೆಗ್ಗು
ಹದಿಮೂರನೆಯ ರಾತ್ರಿಗೆ ಸಿಕ್ಕ ಬಡ್ಡಿ.

ಜಗಳ ಹಚ್ಚಿದ್ದು ಚನ್ನವೀರಪ್ಪ.
"ಬರ್ಬನ್ ಅಂದ್ರೆ ಮೆಕ್ಕೆಜೋಳ ಕಣಯ್ಯ,
ನಮ್ಮ ಶಿಕಾರಿಪುರದ ಲಾರಿ ಲಾರಿ ಜೋಳ,
ನಾವು ಕೋಳಿಗೆ ಹಾಕಿದ್ದನ್ನು ಅವರು ಪೀಪಾಯಿಗೆ ಹಾಕ್ತಾರೆ."
ಗುತ್ಯಪ್ಪ ಒಪ್ಪಲಿಲ್ಲ. "ಸ್ಕಾಚೇ ಸ್ಕಾಚು.
ನಮ್ಮಜ್ಜ ಬಗನಿ ಮರದಿಂದ ಇಳಿಸಿದ್ದು
ಬೆಳಗ್ಗೆ ಸಿಹಿ, ಮಧ್ಯಾಹ್ನ ಹುಳಿ, ಸಂಜೆಗೆ ಹೊಡೆದಾಟ.
ಹನ್ನೆರಡು ವರ್ಷ ಮುಟ್ಟದೆ ಕೂರ್ತಾರಲ್ಲ,
ಅವರ ಹೊಟ್ಟೆ ಎಂಥದು ಮಾರಾಯ!"

ಫೆಲಿಕ್ಸನ ಚೀಟಿ ಎದ್ದಿತ್ತು. ಎರಡನ್ನೂ ತಂದ.
ಮೂರನೆಯದು ನನ್ನ ಚೀಲದಲ್ಲೇ ಇತ್ತು, ನಿತ್ಯದ್ದು.
ಗರಗಸ ನಿಲ್ಲಿಸಿದ ಮೇಲೆ, ಹೊಟ್ಟಿನ ರಾಶಿಯ ಪಕ್ಕ,
ಮೂರು ಸ್ಟೀಲ್ ಲೋಟ, ತಳಕ್ಕೆ ಸೀಮೆಸುಣ್ಣದ ಗುರುತು.
ತೀರ್ಪಿಗೆ ಮೌನೇಶಾಚಾರರು,
ಗರಗಸದ ಹಲ್ಲು ಮಸೆಯುವವರು,
ಬಿಟ್ಟು ಹನ್ನೊಂದು ವರ್ಷ.
"ಮೂಸಬೇಡ ಅಂತ ಡಾಕ್ಟರು ಹೇಳಿಲ್ಲ" ಅಂದರು.

ಮೊದಲನೆಯದು. "ಹೊಸ ಮರ.
ಒಳಮೈ ಸುಟ್ಟಿದಾರೆ, ಬೆಲ್ಲದ ಪಾಕ ತಳ ಹತ್ತಿದ ಹಾಗೆ.
ಮರ ಜೋರಾಗಿ ಮಾತಾಡ್ತಿದೆ, ಮದುವೆ ಮನೆ ಹುಡುಗನಂತೆ."

ಎರಡನೆಯದಕ್ಕೆ ತುಂಬ ಹೊತ್ತು ಹಿಡಿಯಿತು.
ಬೀದಿನಾಯಿ ಬಂದು ಕೂತಿತು, ಎದ್ದು ಹೋಯಿತು.
"ಹಳೇ ಮರ. ಯಾರದೋ ಮನೆಯಲ್ಲಿ ಬಾಳಿ ಬಂದದ್ದು.
ಆಮೇಲೆ ಹೊಗೆ. ಹಂಡೆ ಒಲೆಗೆ
ಹಸಿ ಸೌದೆ ತುರುಕಿದ್ದಾರೆ ಯಾರೋ."

ಫೆಲಿಕ್ಸ್ ಎದೆ ಮುಟ್ಟಿಕೊಂಡ. ಓದಿದ್ದನಂತೆ:
ಬರ್ಬನ್ನಿಗೆ ಪ್ರತಿ ಸಲ ಹೊಸ ಪೀಪಾಯಿಯೇ ಆಗಬೇಕು,
ಒಮ್ಮೆ ತುಂಬಿ ಬರಿದಾದದ್ದು
ಹಡಗು ಹತ್ತಿ ಸ್ಕಾಚಿನವರ ಹಟ್ಟಿ ಸೇರುತ್ತದೆ.
ಆಚಾರರು ನಕ್ಕರು: "ಹಾಗಾದರೆ ಒಂದೇ ಮರ ಅನ್ನಿ.
ಇವರದು ಲಗ್ನ, ಅವರದು ಕೂಡಿಕೆ.
ಕೂಡಿಕೆಯವರು ಮೆತ್ತಗೆ ಮಾತಾಡ್ತಾರೆ, ಅಷ್ಟೇ."

ಮೂರನೆಯದು. ಮೂಗಿನ ಹತ್ತಿರ ತಂದು ಇಳಿಸಿಯೇ ಬಿಟ್ಟರು.
"ಇದರಲ್ಲಿ ಮರ ಇಲ್ಲ. ಕಾಕಂಬಿ, ಬಣ್ಣ.
ಪ್ಲೈವುಡ್ಡಿನ ಮೇಲೆ ತೇಗದ ಸ್ಟಿಕ್ಕರು."

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.
ಎಷ್ಟು ರಾತ್ರಿಗಳು! ಹನ್ನೆರಡರಿಂದ ಗುಣಿಸಲು ಹೋಗಿ
ನಡುವೆ ಕೈಬಿಟ್ಟೆ.
ಲೋಟ ತೊಳೆಯುತ್ತಾ ಆಚಾರರು, ನನಗೊಬ್ಬನಿಗೇ ಕೇಳುವಂತೆ,
"ಪ್ಲೈವುಡ್ಡಿನಲ್ಲೂ ಮಂಚ ಮಾಡಿದೀನಿ ಕಣೋ,
ಮಲಗಿದವರಿಗೆ ನಿದ್ದೆ ಬಂದಿದೆ."

"ಏನ್ ಕೊಡ್ಲಿ ಸಾರ್?" ಜಾಲರಿಯ ಆಚೆ ಹುಡುಗ.
ನನ್ನ ಹಿಂದೆ ಟೆಟ್ರಾ ಪ್ಯಾಕಿನವರ ಸಾಲು, ಮೊಣಕೈ.
ಮೇಲಿನ ಹಲಗೆಯದು ರಾತ್ರಿಗೆ ಇನ್ನೂರಿಪ್ಪತ್ತು ಬೀಳುತ್ತದೆ.
ವರ್ಷಕ್ಕೊಂದು ತರಬಹುದು, ಇನ್ನೊಬ್ಬರಿಗೆ ಬಗ್ಗಿಸುವಾಗ
ಕಣ್ಣು ಲೋಟದ ಗೆರೆಯ ಮೇಲೇ ಇರುತ್ತದೆ.
"ಅದೇ" ಅಂದೆ. ಹುಡುಗ ನೋಡದೆಯೇ ಕೈ ಚಾಚಿದ.

ಬರ್ಬನ್ನಿನ ಖಾಲಿ ಬಾಟ್ಲಿ ಆಚಾರರು ಕೇಳಿ ಒಯ್ದಿದ್ದರು,
ಅರಕ್ಕೆ ಎಣ್ಣೆ ಹಾಕಿಡಲು.
ವಾರವಾಯಿತು, ಎಣ್ಣೆ ಇನ್ನೂ ತಗಡಿನ ಡಬ್ಬದಲ್ಲೇ ಇದೆ.
ಬೆಳಗ್ಗೆ ಗರಗಸ ಶುರುವಾಗುವ ಮುಂಚೆ
ಬಿರಡೆ ತೆಗೆಯುತ್ತಾರೆ,
ಮುಚ್ಚುತ್ತಾರೆ.